ಬಿಳಿ ಹಾಸು

ಮಂಚ ಹೋದ ಮೇಲೂ ಗೋಡೆಯಲ್ಲಿ ತಲೆಯ ಗುರುತು ಹೋಗಿರಲಿಲ್ಲ. ಅತೀಯಾ ಹಸಿ ಬಟ್ಟೆಯಿಂದ ತಿಕ್ಕಿದಳು, ಸೋಪು ಹಚ್ಚಿ ತಿಕ್ಕಿದಳು, ಕೊನೆಗೆ ಡಬ್ಬಿಯ ತಳದಲ್ಲಿ ಉಳಿದಿದ್ದ ಬಣ್ಣವನ್ನು ಬೆರಳಿನಿಂದಲೇ ಬಳಿದಳು. ಅತ್ತೆ ಸುಭಾನಬಿಯ ತಲೆಯ ಕೊಬ್ಬರಿ ಎಣ್ಣೆ ಮಾತ್ರ ಬಣ್ಣದ ಕೆಳಗಿನಿಂದ ಮೆಲ್ಲಗೆ ಒಸರಿ ಮತ್ತೆ ಮುಖ ತೋರಿಸಿತು. ಮುದುಕಿ ವರ್ಷಗಟ್ಟಲೆ ಅದೇ ಜಾಗಕ್ಕೆ ತಲೆ ಆನಿಸಿ, ಬಾಗಿಲಿಗೆ ಎದುರಾಗಿ, ಟೋಲ್ ನಾಕಾದವರ ಹಾಗೆ ಬಂದವರನ್ನೂ ಹೋದವರನ್ನೂ ತಡೆದು ವಿಚಾರಿಸಿ ಬಿಡುತ್ತಿದ್ದವಳು. ಉಳಿದ ಗೋಡೆಯೆಲ್ಲ ಎಷ್ಟು ಹದವಾಗಿ ಬಂದಿತ್ತು. ಬಿಳಿಯಲ್ಲ, ಹಳದಿಯಲ್ಲ, ಬೆಳಗಿನ ಬಿಸಿಲು ಬಿದ್ದರೆ ಸಣ್ಣಗೆ ಬೆಚ್ಚಗಾಗುವ ಬಣ್ಣ. ಪೇಂಟ್ ಅಂಗಡಿಯವನಿಗೆ ಫೋನಿನಲ್ಲಿ ಚಿತ್ರ ತೋರಿಸಿದಾಗ ಅವನು, 'ತೌಡಿನ ಬಣ್ಣ ಅನ್ರಿ ಅಕ್ಕಾರ' ಎಂದಿದ್ದ. ಗಂಡ ಮುಷರಫ್ ನೋಡಿ, 'ಇದನ್ನ ಹಚ್ಚೂದು ಯಾಕ, ಒಂದು ಮಳಿಗಾಲ ಬಿಟ್ರ ತಾನ ಬರ್ತಿತ್ತಲ್ಲ' ಎಂದಿದ್ದ. ಇಬ್ಬರ ಮೇಲೂ ಅವಳಿಗೆ ಸಿಟ್ಟು ಬರಲಿಲ್ಲ. ಸಿಂಧನೂರಿನ ಜನರಿಂದ ಇದಕ್ಕಿಂತ ಹೆಚ್ಚಿನದನ್ನು ಅವಳು ಎಂದೂ ಬಯಸಿರಲಿಲ್ಲ.

ಈ ಊರಿನ ಮನೆಗಳನ್ನು ಅವಳು ಒಂದೊಂದಾಗಿ ಮನಸ್ಸಿನಲ್ಲಿ ಹರಾಜು ಹಾಕಿದ್ದಳು. ಭತ್ತದ ದುಡ್ಡು ಬಂದವರೆಲ್ಲ ಛಾವಣಿಗೆ ಕೇಕಿನಂಥ ಪಿಒಪಿ ಹಾಕಿಸಿ, ಅದರ ಸಂದಿಯಲ್ಲಿ ನೇರಳೆ ಲೈಟು ಸುತ್ತಿ, ಮನೆಯನ್ನು ಮದುವೆ ಹಾಲ್ ಮಾಡಿಕೊಂಡಿದ್ದರು. ಸೋಫಾದ ಪ್ಲಾಸ್ಟಿಕ್ಕು ಹರಿಯುವವರೆಗೂ ತೆಗೆಯುತ್ತಿರಲಿಲ್ಲ. ಷೋಕೇಸಿನಲ್ಲಿ ಗಾಜಿನ ಬಾತುಕೋಳಿಗಳು, ಯಾರೂ ಚಹಾ ಕುಡಿಯದ ಚಹಾದ ಸೆಟ್ಟು, ಕಿಟಕಿಗೆ ಇಳಿಬಿಟ್ಟ ಪ್ಲಾಸ್ಟಿಕ್ ದ್ರಾಕ್ಷಿ. ಲಿಂಗಸುಗೂರಿನಲ್ಲಿ ಅವಳ ಅಕ್ಕ ಕಹಕಶಾ ಕಳೆದ ವರ್ಷ ಕಟ್ಟಿಸಿದ ಮನೆಯ ಸಂಡಾಸಿನಲ್ಲೂ ಬಂಗಾರದ ಬಣ್ಣದ ನಲ್ಲಿ ಇತ್ತು. 'ಹ್ಯಾಂಗ ಐತಿ?' ಎಂದು ಅಕ್ಕ ಕೇಳಿದಾಗ, 'ಭಾಳ ಐತಿ' ಎಂದಷ್ಟೇ ಹೇಳಿ ಬಂದಿದ್ದಳು. ಅಕ್ಕ ಅದನ್ನು ಹೊಗಳಿಕೆ ಎಂದುಕೊಂಡು ಹಿಗ್ಗಿದ್ದಳು. ಅಂದು ಬಸ್ಸಿನಲ್ಲಿ ಕೂತು ಬರುವಾಗಲೇ ಅತೀಯಾ ತನ್ನ ಮನೆಯಿಂದ ಒಂದೊಂದೇ ಸಾಮಾನು ಹೊರಗೆ ಹಾಕಲು ಶುರುಮಾಡಿದ್ದು, ಮೊದಲು ಮನಸ್ಸಿನಲ್ಲಿ, ಆಮೇಲೆ ನಿಜವಾಗಿ. ಷೋಕೇಸು ಹೋಯಿತು. ಗೊಬ್ಬರದ ಕಂಪನಿಯ ಕ್ಯಾಲೆಂಡರುಗಳು ಹೋದವು. ತನ್ನ ಮದುವೆಯಲ್ಲಿ ತವರಿನವರು ಕೊಟ್ಟ ಕೆಂಪು ಮಖಮಲ್ಲಿನ ಸೋಫಾ ಹೋಯಿತು, ಅದನ್ನು ಊರ ಹೊರಗಿನ ಆರ್.ಎಚ್. ಕ್ಯಾಂಪಿನವರು ಕೊಂಡು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುವಾಗ ಅವಳಿಗೆ ಹಲ್ಲುನೋವು ನಿಂತ ಹಾಗೆ ಆಗಿತ್ತು. ಮಿಣುಕು ದೀಪಗಳ ಕಾಬಾದ ಚಿತ್ರವನ್ನು ಹೊರಗೆ ಹಾಕಲು ಮಾತ್ರ ಕೈ ಬರಲಿಲ್ಲ, ಅದನ್ನು ಹಿಂದಿನ ಕೋಣೆಯಲ್ಲಿ ಇಟ್ಟಳು. ಹೀಗೆ ಎಲ್ಲವೂ ಹೋಗಿ ಹಾಲಿನಲ್ಲಿ ಉಳಿದದ್ದು ಸುಭಾನಬಿ ಮತ್ತು ಅವಳ ಮಂಚ. 'ಸಾಮಾನು ಮಾರಿ ತಿಂದವರ ಮನಿ ಆಗೈತಿ' ಎಂದು ಮುದುಕಿ ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳಿ, ಸೊಸೆಯ ಮುಖ ನೋಡುತ್ತಿದ್ದಳು. ಈ ಮನೆಯಲ್ಲಿ ಅತೀಯಾಳ ತಾತ್ಸಾರಕ್ಕೆ ಸರಿಸಾಟಿಯಾಗಿ ನಿಂತದ್ದು ಈ ಮುದುಕಿಯ ತಾತ್ಸಾರವೊಂದೇ.

ಇವತ್ತು ರೇಣುಕಾದೇವಿ ಬರುವವಳಿದ್ದಳು. ಲಿಂಗಸುಗೂರಿನ ಕಾಂಟ್ರಾಕ್ಟರನ ಹೆಂಡತಿ. ಸುತ್ತಲಿನ ಊರುಗಳ ಚಂದದ ಮನೆಗಳನ್ನು ವಿಡಿಯೋ ಮಾಡಿ ಹಾಕುವವಳು. ಅತೀಯಾ ಕಳಿಸಿದ ಫೋಟೋ ನೋಡಿ ಆಕೆಯೇ ಫೋನ್ ಮಾಡಿದ್ದಳು. 'ನಮ್ಮ ಹೊಸಾ ಮನೀನೂ ಹಿಂಗ ಬೇಕಾಗೈತ್ರಿ, ನೀವ ಮಾಡಿಕೊಡ್ರಿ, ಮೊದಲ ನಿಮ್ಮನಿ ಒಮ್ಮೆ ನೋಡಿಬಿಡ್ತೀನಿ' ಎಂದಿದ್ದಳು. ಆ ಮಾತನ್ನು ಅತೀಯಾ ಎಷ್ಟು ಸಲ ನೆನೆಸಿಕೊಂಡಿದ್ದಳೋ. ಅವಳ ಇಷ್ಟು ದಿನದ ಬಾಳಿನಲ್ಲಿ ಯಾರೂ ಅವಳನ್ನು, ಯಾವ ಬಣ್ಣ ಹಚ್ಚಲಿ ಎಂದು ಕೇಳಿರಲಿಲ್ಲ. ಉಪ್ಪು ಎಷ್ಟು ಹಾಕಿದೆ ಎಂದು ಮಾತ್ರ ಕೇಳಿದ್ದರು. ಮುಷರಫನಿಗೆ ಅವಳು ಅತೀಯಾ, ಅವನ ಸ್ಪೇರ್‌ಪಾರ್ಟ್ಸ್ ಅಂಗಡಿಯವರಿಗೆ ಮುಷರಫನ ಹೆಂಡತಿ, ಮುದುಕಿಗೆ ಇವತ್ತಿಗೂ ದುಲ್ಹನ್, ಮದುಮಗಳು. ಈ ಮನೆಯಿಂದ ಹೊರಗೆ ತನಗೊಂದು ಹೆಸರಿದೆ ಎಂದು ಗೊತ್ತಾಗುವುದಿದ್ದರೆ ಅದು ಇವತ್ತು. ಅದಕ್ಕಾಗಿ ಬೆಳಿಗ್ಗೆ ಮಂಚ ಎತ್ತಿಸಿದ್ದಳು. ಮುಷರಫ್ ಒಂದು ಕಡೆ, ಪಕ್ಕದ ಮನೆಯ ಮಲೀಕಸಾಬ ಇನ್ನೊಂದು ಕಡೆ ಹಿಡಿದು, ಅಕ್ಕಿಚೀಲ, ಹಳೆಯ ಟೈರು ಇಡುವ ಹಿಂದಿನ ಕೋಣೆಗೆ ಸಾಗಿಸಿದರು. ಮುಷರಫ್ ಹೆಂಡತಿಯ ಮುಖ ನೋಡದೆ, 'ಸಂಜಿಗೆ ಮತ್ತ ಇಲ್ಲೇ ಇಡೂದೈತಲ್ಲ?' ಎಂದ. ಅವಳು 'ಹೂಂ' ಎಂದಳು. ಆ ಹೂಂ ಎಷ್ಟು ಸಲೀಸಾಗಿ ಬಂತೆಂದರೆ ಅದು ಸುಳ್ಳೆಂದು ಅವಳಿಗೇ ಆಮೇಲೆ ಹೊಳೆಯಿತು.

ಮುದುಕಿ ಜಗಳಾಡುತ್ತಾಳೆ ಎಂದುಕೊಂಡಿದ್ದಳು. ಜಗಳಾಡಲಿಲ್ಲ. ಗೋಡೆ ಹಿಡಿದು ತಾನೇ ನಡೆದುಹೋಗಿ, ಮಂಚದ ಮೇಲೆ ಕೂತು, ಟೈರುಗಳನ್ನೂ ಸೊಸೆಯನ್ನೂ ಒಂದೇ ಬಗೆಯ ನೋಟದಲ್ಲಿ ನೋಡಿ, 'ಇನ್ನೇನು ಮಾಡಬೇಕು ಹೇಳು' ಎಂದಳು. ಅತೀಯಾ ಸೆರಗಿನ ತುದಿ ಹಿಂಡುತ್ತ, 'ಏನಿಲ್ಲ ಅಮ್ಮಾ. ಅವರು ರೆಕಾರ್ಡ್ ಮಾಡೂ ಮುಂದ ಸ್ವಲ್ಪ ಕೆಮ್ಮಬ್ಯಾಡ್ರಿ' ಎಂದಳು. ಹೇಳಿದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು, ಆದರೆ ಕೆಮ್ಮು ಬೇಕಾಗಿರಲಿಲ್ಲ, ಆದ್ದರಿಂದ ತೆಗೆದುಕೊಳ್ಳಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಬಂದಳು. ಆಮೇಲೆ ಕೆಲಸದ ಭರದಲ್ಲಿ ಆ ಕಡೆ ಹೋಗಲಾಗಲಿಲ್ಲ. ಕೆಮ್ಮಿಲ್ಲದ ಮನೆ ಎಷ್ಟು ದೊಡ್ಡದೆನಿಸುತ್ತದೆ ಎಂದು ಮಾತ್ರ ಆಗಾಗ ಅನ್ನಿಸಿತು, ಮತ್ತು ಅದು ಸುಖವಾಗಿತ್ತು.

ನೆಲಕ್ಕೆ ಬಿಳಿ ಹಾಸು ಹಾಸುತ್ತಿದ್ದಾಗ ಫೋನ್ ಬಂತು. ಇಡೀ ಹಾಲಿಗೆ ಗೋಡೆಯಿಂದ ಗೋಡೆಗೆ ಬರುವಂಥ ಕೋರಾ ಹತ್ತಿಯ ಹಾಸು. ಅದರ ಮೇಲೆ ತಗ್ಗು ದಿಂಬುಗಳು, ಮೂಲೆಯಲ್ಲಿ ಒಂದೇ ಮಣ್ಣಿನ ಹೂಜಿ, ಅಷ್ಟೇ. ರೈಸ್‌ಮಿಲ್ಲುಗಳ ಹೊಟ್ಟಿನ ಬೂದಿ ಕಿಟಕಿಯಿಂದ ಬಂದು ಅದರ ಮೇಲೆ ಕರಿ ಚುಕ್ಕಿಯಾಗಿ ಕೂರುತ್ತಿತ್ತು, ಅವಳು ಉಸಿರು ಬಿಗಿಹಿಡಿದು ಒಂದೊಂದೇ ಚುಕ್ಕಿಯನ್ನು ಊದಿ ತೆಗೆಯುತ್ತಿದ್ದಳು, ಹೊರಗೆ ಕಾರು ನಿಂತ ಸದ್ದೂ ಆಗಲೇ ಕೇಳಿಸಿತು. ಫೋನಿನಲ್ಲಿ ಮಸ್ಕಿಯಿಂದ ನಾದಿನಿ ಹಸೀನಾಬೀ. ಮುಷರಫನ ಅಕ್ಕ, ತಾಯಿಯನ್ನು ನೋಡಲು ಬಾರದೆ, ಫೋನಿನಲ್ಲಿ ಮಾತ್ರ ಉದ್ದುದ್ದ ಪ್ರೀತಿ ಮಾಡುವವಳು ಎಂದು ಅತೀಯಾಳ ಲೆಕ್ಕ. 'ಅಮ್ಮಾ ಹ್ಯಾಂಗದಾಳ?' ಎಂದಳು. ಕಾರಿನ ಬಾಗಿಲು ಬಡಿಯಿತು. ಅತೀಯಾ ದನಿ ಇಳಿಸಿ, ಗಡಬಡಿಸಿ ಹೇಳಿದಳು: 'ಆಪಾ, ಅಮ್ಮಾನ್ನ ಒಳಗ ಮಲಗಿಸೀವಿ. ಹಾಲ್ ಖಾಲಿ ಮಾಡಿ ಕೆಳಗ ಬಿಳೇದು ಹಾಸಾಕತ್ತೀನಿ. ಮಂದಿ ಬರಾಕತ್ತಾರ, ಆಮ್ಯಾಲ ಮಾತಾಡ್ತೀನಿ.' ಅತ್ತ ಕಡೆ ಏನೋ ಉಸಿರೆಳೆದ ಸದ್ದಾಯಿತು. ಇವಳು ಫೋನ್ ಕಟ್ ಮಾಡಿ, ಸೈಲೆಂಟ್ ಮಾಡಿ, ದಿಂಬಿನ ಕೆಳಗೆ ತಳ್ಳಿದಳು.

ರೇಣುಕಾದೇವಿ ಚಪ್ಪಲಿ ಬಿಡುತ್ತಲೇ, 'ಅಬ್ಬಾ, ಎಷ್ಟು ಶಾಂತ ಐತ್ರಿ' ಎಂದಳು. ಅತೀಯಾಳ ಮೈ ತುಂಬಿ ಬಂತು. ಆಕೆಯ ಸೀರೆಯೂ ಅದೇ ಬಣ್ಣದ್ದು, ಬರುವಾಗ ಗೋಡೆಗೆ ಹೊಂದಿಸಿಕೊಂಡು ಬಂದಳೋ ಎಂಬಂತೆ. ಮಾತು ಮೆಲ್ಲಗೆ, ನಗೆ ಮೆಲ್ಲಗೆ. ಇಂಥವರ ನಡುವೆ ತಾನಿರಬೇಕಿತ್ತು ಎಂದು ಅತೀಯಾ ಯೋಚಿಸುತ್ತಿರುವಾಗಲೇ ಆಕೆ ಮಣ್ಣಿನ ಹೂಜಿಯನ್ನು ಬೆರಳಿಂದ ತಟ್ಟಿ, 'ಇದು ಮಸ್ಕಿ ಸಂತ್ಯಾಗಿಂದೇನ್ರಿ?' ಎಂದಳು. ಹೌದಾಗಿತ್ತು. 'ಅಲ್ರಿ, ಆನ್‌ಲೈನ್ ತರಿಸಿದ್ದು' ಎಂದಳು ಅತೀಯಾ. ಆಕೆ ನಕ್ಕ ರೀತಿಯಲ್ಲಿ ಸುಳ್ಳು ಸಿಕ್ಕಿಬಿದ್ದಿದೆ ಎಂದು ಗೊತ್ತಾಯಿತು. ಆಮೇಲೆ ಆಕೆ ಫೋನ್ ಹಿಡಿದು ಹಾಲಿನ ತುಂಬ ತಿರುಗಿದಳು, ದಿಂಬು ಸರಿಸಿದಳು, ಪರದೆ ಎಳೆದಳು, ಅತೀಯಾಳನ್ನು ಕಿಟಕಿಯ ಹತ್ತಿರ ನಿಲ್ಲಿಸಿ, 'ಒಂದೀಟು ಈ ಕಡೆ ಸರೀರಿ, ನಿಮ್ಮ ಕುಬಸದ ಹಸರು ಕಣ್ಣಿಗೆ ಹೊಡಿಯಾಕತ್ತೈತಿ' ಎಂದಳು. ತನ್ನ ಮನೆಯಲ್ಲಿ ತಾನೇ ಹೆಚ್ಚಿನ ಸಾಮಾನಾದಂತೆ ಅತೀಯಾ ಸರಿದು ನಿಂತಳು. ಷೋಕೇಸನ್ನು, ಸೋಫಾವನ್ನು, ಅಕ್ಕನನ್ನು ತಾನು ನೋಡಿದ ಕಣ್ಣೇ ಇದು. ಅದು ತನ್ನ ಕಡೆ ತಿರುಗಿದಾಗ ಇಷ್ಟು ಉರಿಯುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ನಕ್ಕಳು. ಲಿಂಗಸುಗೂರಿನ ಹೊಸ ಮನೆಯ ಕೆಲಸ ಬೇಕಾಗಿತ್ತು.

'ಇಲ್ಲೇನೋ ಕಲಿ ಐತಲ್ರಿ' ಎಂದು ಆಕೆ ಗೋಡೆಯ ಎಣ್ಣೆಯ ಗುರುತಿನ ಮುಂದೆ ನಿಂತಳು. 'ನಿಮ್ಮ ಅತ್ತಿಯವರು ಇರ್ತಾರ ಅಂದಿದ್ರಿ, ಕಾಣವಲ್ಲರಲ್ಲ?' ಅತೀಯಾ ಹಿಂದಿನ ಬಾಗಿಲ ಕಡೆ ನೋಡಲಿಲ್ಲ. 'ಮಸ್ಕಿಗೆ ಮಗಳ ಮನಿಗೆ ಹೋಗ್ಯಾರ್ರಿ. ಅವರು ಅಲ್ಲೇ ಹೆಚ್ಚು ಇರೂದು' ಎಂದಳು. ಹೇಳುವಾಗ ಅದು ಸುಳ್ಳು ಎನ್ನುವುದಕ್ಕಿಂತ, ಇನ್ನೂ ಆಗದೆ ಉಳಿದ ಒಂದು ನಿಜ ಎಂಬಂತೆ ಅವಳಿಗೆ ತೋರಿತು. ರೇಣುಕಾದೇವಿ, 'ಛಲೋ ಆತು ಬಿಡ್ರಿ, ವಯಸ್ಸಾದವರಿಗೆ ಇಂಥಾದ್ದೆಲ್ಲ ತಿಳಿಯಂಗಿಲ್ಲ' ಎಂದಳು. ಇಬ್ಬರೂ ನಕ್ಕರು. ಚಹಾ ಕುಡಿಯುತ್ತ ಆಕೆ ಹೊಸ ಮನೆಯ ವಿಚಾರ ತೆಗೆದಳು. ಹಾಲಿಗೆ ಯಾವ ಬಣ್ಣ ಹಚ್ಚೋಣ ಎಂದು ಕೇಳಿದಳು. ಕೇಳಿಯೇ ಬಿಟ್ಟಳು. ಅತೀಯಾ ಕಪ್ಪನ್ನು ಕೆಳಗಿಟ್ಟು, ಬಾಯಿ ತೆರೆದು, ಎಷ್ಟೋ ದಿನದಿಂದ ಒಳಗೇ ಮಾತಾಡಿಕೊಂಡ ಉತ್ತರವನ್ನು ಹೇಳಬೇಕು ಎನ್ನುವಷ್ಟರಲ್ಲಿ ಹೊರಗೆ ಒಂದು ಕ್ರೂಸರ್ ಗಾಡಿ ನಿಂತಿತು, ಮತ್ತು ಅದರಿಂದ ಇಳಿದವರ ಅಳು ಅವರಿಗಿಂತ ಮುಂದೆ ಒಳಗೆ ಬಂತು.

ಹಸೀನಾಬೀ ಹೊಸ್ತಿಲಲ್ಲಿ ನಿಂತು ನೋಡಿದಳು. ಖಾಲಿ ಹಾಲು. ಗೋಡೆಯ ಮೇಲೆ ಒಂದು ಚಿತ್ರವಿಲ್ಲ. ಕುರ್ಚಿ, ಟಿವಿ, ಮಂಚ ಎಲ್ಲ ಎತ್ತಿಟ್ಟಿದ್ದಾರೆ. ಪರದೆ ಎಳೆದಿದೆ. ನೆಲದ ತುಂಬ ಬಿಳಿ ಹಾಸು, ಅದರ ಮೇಲೆ ಸಪ್ಪೆ ಬಣ್ಣದ ಸೀರೆಯ ಹೆಂಗಸೊಬ್ಬಳು ತಲೆ ತಗ್ಗಿಸಿ ಕೂತಿದ್ದಾಳೆ. ಮಯ್ಯತ್ತಾದ ಮನೆಯನ್ನು, ಸಾವಿನ ಮನೆಯನ್ನು, ಜೀವಮಾನದಲ್ಲಿ ಎಷ್ಟೋ ಕಂಡವಳಿಗೆ ಇನ್ನು ಕೇಳುವುದೇನೂ ಉಳಿದಿರಲಿಲ್ಲ. 'ನನ್ನ ಬಿಟ್ಟು ಹೋದ್ಯೇನು ಅಮ್ಮಾ' ಎಂದು ಅಲ್ಲೇ ಕುಸಿದಳು. ಅವಳ ಜೊತೆ ಬಂದ ಹೆಂಗಸರು ಸೆರಗು ತಲೆಗೆ ಎಳೆದುಕೊಂಡು, ಹೇಳಿಸಿಕೊಂಡವರ ಹಾಗೆ, ಗೋಡೆಗುಂಟ ಸಾಲಾಗಿ ಕೂತರು. ಎದ್ದು ನಿಂತ ಅತೀಯಾಳಿಗೆ ಮೊದಲು ಹೊಳೆದದ್ದು ಇದು: ಈ ಹಾಲು ಯಾರಿಗಾಗಿ ಕಾಯುತ್ತಿತ್ತೋ ಅವರು ಈಗ ಬಂದಿದ್ದಾರೆ, ಎಷ್ಟು ಸರಿಯಾಗಿ ಕೂತಿದ್ದಾರೆ. ಅದರ ಹಿಂದೆಯೇ ತಾನು ಫೋನಿನಲ್ಲಿ ಆಡಿದ ಮಾತು ಒಂದೊಂದಾಗಿ, ಬೇರೆ ಯಾರೋ ಓದಿ ಹೇಳಿದ ಹಾಗೆ, ಕಿವಿಗೆ ಬಂತು. ಮಲಗಿಸೀವಿ. ಖಾಲಿ ಮಾಡಿ. ಬಿಳೇದು ಹಾಸಾಕತ್ತೀನಿ. ಮಂದಿ ಬರಾಕತ್ತಾರ. ತನ್ನ ಅಜ್ಜಿ ಹೋದಾಗ ತಾಯಿ ಊರೂರಿಗೆ ಫೋನ್ ಮಾಡಿ ಹೇಳಿದ್ದು ಇವೇ ಮಾತುಗಳನ್ನು.

ರೇಣುಕಾದೇವಿಯ ಕೈಯಲ್ಲಿ ಕಪ್ಪು ಹಾಗೇ ನಿಂತಿತ್ತು. 'ಅತ್ತಿ ಮಸ್ಕಿಗೆ ಹೋಗ್ಯಾರ ಅಂದ್ರಲ್ಲ?' ಎಂದಳು. ಹಸೀನಾಬೀ ಅಳುವಿನ ನಡುವೆಯೇ, 'ಮಸ್ಕೀಗೆ ಎಲ್ಲಿ ಬಂದಾಳವ್ವಾ, ಒಳಗ ಮಲಗಿಸೀವಿ ಅಂದ್ರು, ಈಗರ ಫೋನಿನ್ಯಾಗ' ಎಂದಳು. ರೇಣುಕಾದೇವಿ ಮುಚ್ಚಿದ ಬಾಗಿಲನ್ನು ನೋಡಿದಳು, ಬಿಳಿ ಹಾಸನ್ನು ನೋಡಿದಳು, ತಾನು ಕೂತ ಜಾಗವನ್ನು ನೋಡಿ ಚೇಳು ಕಂಡವಳಂತೆ ಎದ್ದಳು. 'ಒಳಗ ಹೆಣಾ ಇಟ್ಕೊಂಡು ನನಗ ವಿಡಿಯೋ ಮಾಡಸಿದ್ರೇನ್ರಿ ನೀವು' ಎಂದಳು, ಈಗಲೂ ಮೆಲ್ಲಗೆ. ಅತೀಯಾ, ಇಲ್ಲ, ಅವರು ಇದ್ದಾರೆ, ಗಟ್ಟಿಮುಟ್ಟಾಗಿ ಇದ್ದಾರೆ ಎನ್ನಬೇಕಿತ್ತು. ಅಷ್ಟು ಸಣ್ಣ ಮಾತು. ಆದರೆ ಅದು ನಿಜವೋ ಅಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಬಾಗಿಲು ಮುಂದೆ ಮಾಡಿ ಬಂದವಳು ಆ ಕಡೆ ಹಾದಿಲ್ಲ. ನೀರು ಕೊಟ್ಟಿಲ್ಲ. ಒಂದು ಕೆಮ್ಮೂ ಕೇಳಿಸಿಲ್ಲ. ರೇಣುಕಾದೇವಿ ಚಪ್ಪಲಿಯಲ್ಲಿ ಅರ್ಧ ಕಾಲಿಟ್ಟುಕೊಂಡೇ ಕಾರಿಗೆ ಹೋದಳು. ಕಾರು ಹೊರಟ ಸದ್ದು ಮರೆಯಾಗುವವರೆಗೂ ಅತೀಯಾ ಕಿವಿಗೊಟ್ಟು ನಿಂತಳು, ಮತ್ತು ಇಂಥ ಹೊತ್ತಿನಲ್ಲೂ ತಾನು ಸಂಕಟಪಡುತ್ತಿರುವುದು ಆ ಕಾರಿಗಾಗಿ ಎಂದು ತಿಳಿದು ತನ್ನ ಮೇಲೇ ಅಸಹ್ಯವಾಯಿತು.

ಅಷ್ಟರಲ್ಲಿ ಮುಷರಫ್ ಬಂದ. ಜವಳಗೇರಾದಲ್ಲಿ ಯಾರದೋ ಟ್ರ್ಯಾಕ್ಟರಿನ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದವನಿಗೆ ಅಕ್ಕನ ಫೋನ್ ಹೋಗಿತ್ತು. ಹೆಂಡತಿಗೆ ಫೋನ್ ಮಾಡಿ ಮಾಡಿ ಸೋತು, ಗ್ರೀಸಿನ ಕೈಯಲ್ಲೇ ಓಡಿ ಬಂದಿದ್ದ. ಹಿಂದೆ ಮಲೀಕಸಾಬ, ಓಣಿಯ ಗಂಡಸರು ಟೋಪಿ ಹಾಕಿಕೊಂಡು, ಹೆಗಲು ಕೊಡಲು ತಯಾರಾಗಿ. ಮುಷರಫ್ ಬಿಳಿ ಹಾಸಿನ ಮೇಲೆ ಬೂಟು ಕಾಲಲ್ಲೇ ಬಂದು, 'ಯಾವಾಗ?' ಎಂದ. ಗ್ರೀಸಿನ ಕೈಯಿಂದಲೇ ಕಣ್ಣು ಒರೆಸಿಕೊಂಡ. ಇಷ್ಟು ವರ್ಷ ಈ ಮನುಷ್ಯನಿಗೆ ಬಣ್ಣ ತಿಳಿಯುವುದಿಲ್ಲ ಎಂದು ಅವಳು ಮೂಗು ಮುರಿದಿದ್ದಳು. ಅವಳು ಅಳುವವರ ನಡುವೆ ಕಾಲಿಡಲು ಜಾಗ ಹುಡುಕುತ್ತ, ಹಿಂದಿನ ಕೋಣೆಯ ಕಡೆ ನಡೆದಳು. ನಡೆಯುವಾಗ ಅವಳ ಮನಸ್ಸಿನಲ್ಲಿ ಒಂದು ಯೋಚನೆ ಇತ್ತು. ಅದನ್ನು ಬೇಡ ಬೇಡವೆಂದು ಎಷ್ಟು ದೂಡಿದರೂ ಅದು ಹೋಗಲಿಲ್ಲ.

ಕೋಣೆಯಲ್ಲಿ ಕಾಬಾದ ಚಿತ್ರದ ದೀಪಗಳು ಹಸಿರಾಗಿ ಮಿಣುಕುತ್ತಿದ್ದವು. ಸುಭಾನಬಿ ಮಂಚದ ಮೇಲೆ ಕೂತೇ ಇದ್ದಳು. ಬಾಯಲ್ಲಿ ಸೆರಗು ತುರುಕಿಕೊಂಡಿದ್ದಳು. ಕಣ್ಣು ಕೆಂಪಾಗಿ ನೀರು ಇಳಿಯುತ್ತಿತ್ತು. ಸೊಸೆಯನ್ನು ಕಂಡು ಸೆರಗು ಹೊರಗೆ ಎಳೆದು, ಉಸಿರು ಸಿಕ್ಕ ಮೇಲೆ, 'ಕೆಮ್ಮಲಿಲ್ಲ ನೋಡು, ದುಲ್ಹನ್' ಎಂದಳು. ಆಮೇಲೆ ಕೆಮ್ಮಿದಳು, ಬೆಳಗಿನಿಂದ ಹಿಡಿದಿಟ್ಟದ್ದನ್ನೆಲ್ಲ. ಹೊರಗಿನ ಅಳುವಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಅತೀಯಾ ನೀರಿಗೆ ತಿರುಗಿದರೆ, 'ಬಾಗಿಲಾ ಹಾಕು' ಎಂದಳು. 'ಇನ್ನಷ್ಟು ಅಳಲಿ ಆಕಿ. ಎರಡು ಈದ್ ಹೋದುವು, ಮಾರಿ ತೋರಸಿದ್ದಿಲ್ಲ.' ಅತೀಯಾಳಿಗೆ ನಗು ಬಂದಂತಾಯಿತು. ಈ ಮುದುಕಿ ಒಬ್ಬಳೇ ತನ್ನ ಭಾಷೆಯವಳು ಎಂದು ಅನ್ನಿಸಿತು. ಬಾಗಿಲು ಹಾಕಿ ಮಂಚದ ತುದಿಗೆ ಕೂತಳು. ಇಬ್ಬರೂ ಹೊರಗಿನ ಅಳುವನ್ನು ಸ್ವಲ್ಪ ಹೊತ್ತು ಕೇಳಿದರು.

'ಬಾಗಿಲಾ ತೆಗಿಯೂ ಮುಂದ ಏನಂದ್ಕೊಂಡಿ? ಖರೇ ಹೇಳು' ಎಂದಳು ಸುಭಾನಬಿ. ಕೇಳಿದ ದನಿಯಲ್ಲಿ ಅದೇ ಹಳೆಯ ಕುಹಕವಿತ್ತು. ಸೊಸೆ ಒಂದು ಸುಳ್ಳು ಹೇಳುತ್ತಾಳೆ, ಅದನ್ನು ಹಿಡಿದು ಜಗ್ಗಬೇಕು ಎಂಬ ಉಮೇದು ಇತ್ತು. ಅತೀಯಾಳಿಗೆ ಅವತ್ತಿನ ಸುಳ್ಳುಗಳೆಲ್ಲ ಮುಗಿದು ಹೋಗಿದ್ದವು. 'ಮಂಚಾ ಇನ್ನ ಹೊರಗ ತರೂದು ಬೇಕಾಗಂಗಿಲ್ಲ ಅಂದ್ಕೊಂಡೆ' ಎಂದಳು.

ಮುದುಕಿಯ ಮುಖದಲ್ಲಿ ಯಾವಾಗಲೂ ಇರುತ್ತಿದ್ದ ಆ ತಾತ್ಸಾರ ಮೆಲ್ಲಗೆ ಹೋಯಿತು. ಅದು ಹೋದ ಮೇಲೆ ಅಲ್ಲಿ ಉಳಿದದ್ದು ಒಬ್ಬಳು ವಯಸ್ಸಾದ ಹೆಂಗಸು ಮಾತ್ರ, ಅತೀಯಾಳಿಗೆ ಪರಿಚಯವೇ ಇಲ್ಲದವಳು. ಬೈದಿದ್ದರೆ ಆಗುತ್ತಿತ್ತು. ಶಾಪ ಹಾಕಿದ್ದರೂ ಆಗುತ್ತಿತ್ತು. 'ಅಮ್ಮಾ' ಎಂದಳು ಅತೀಯಾ. ಸುಭಾನಬಿ ಕಾಲು ಕೆಳಗೆ ಬಿಟ್ಟು ಚಪ್ಪಲಿ ಹುಡುಕಿದಳು. 'ಹಸೀನಾನ್ನ ಕರಿ. ಅತ್ತದ್ದು ಸಾಕು ಅನ್ನು. ನಾ ಆಕಿ ಕೂಡ ಹೊಕ್ಕೀನಿ. ಮಂಚಾ ಗಾಡಿ ಮ್ಯಾಲ ಹಾಕಸು' ಎಂದಳು.

ಸತ್ತವಳು ಬಾಗಿಲು ತೆಗೆದು ಬಂದಾಗ ಹಾಲಿನಲ್ಲಿ ಆದ ಗದ್ದಲ ಹೇಳತೀರದು. ಮುಷರಫ್ ತಾಯಿಯ ಕಾಲು ಹಿಡಿದು ಕೂತುಬಿಟ್ಟ. ಮಸ್ಕಿಗೆ ಬರುತ್ತೇನೆ ಎಂದ ಮಾತು ಕೇಳಿ ಹಸೀನಾಬೀಯ ಮುಖ ಸ್ವಲ್ಪ ಕಪ್ಪಿಟ್ಟಿತು, ಆದರೆ ಊರಿಗೆಲ್ಲ ಕೇಳುವಂತೆ ಅತ್ತವಳಿಗೆ ಈಗ ಒಲ್ಲೆ ಎನ್ನುವ ದಾರಿ ಇರಲಿಲ್ಲ. ಮಂಚವನ್ನು, ಜನಾಜಾಕ್ಕೆ ಹೆಗಲು ಕೊಡಲು ಬಂದವರೇ ಎತ್ತಿದರು. ಎತ್ತಿದವರು ರೂಢಿಯಂತೆ ಮೆಲ್ಲಗೆ ಹೆಜ್ಜೆ ಇಟ್ಟರು, ಹೊಸ್ತಿಲ ಹತ್ತಿರ ಒಬ್ಬರ ಹೆಗಲಿಂದ ಇನ್ನೊಬ್ಬರು ಪಡೆದರು. ಸುಭಾನಬಿ ಅದರ ಹಿಂದೆ, ಮಗನ ಕೈ ಹಿಡಿದು ನಡೆದಳು. ಹಾಲಿನ ನಡುವೆ ಒಮ್ಮೆ ನಿಂತು ನಾಲ್ಕೂ ಗೋಡೆ ನೋಡಿದಳು. 'ಚಂದ ಮಾಡೀ' ಎಂದಳು. ಅತೀಯಾ ಆ ಮಾತಿನಲ್ಲಿ ಕೊಂಕು ಹುಡುಕಿದಳು. ಇರಲಿಲ್ಲ. ಮುಷರಫ್ ತಾಯಿಯ ಜೊತೆ ತಾನೂ ಗಾಡಿ ಹತ್ತಿದ. ಹೆಂಡತಿಗೆ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ಹಾಲು ಅವಳು ಬಯಸಿದಂತೆಯೇ ಇತ್ತು, ಬೂಟಿನ ಗ್ರೀಸೊಂದನ್ನು ಬಿಟ್ಟರೆ. ಅವಳು ಅದನ್ನು ಒರೆಸಲು ಹೋಗಲಿಲ್ಲ. ಎದುರುಮನೆಯ ಅಮರಮ್ಮ ಗದ್ದೆ ಕೆಲಸದಿಂದ ಬಂದವಳು, ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ, ಕಾಲಿನ ಕೆಸರು ಕೂಡ ತೊಳೆಯದೆ ಓಡಿ ಬಂದು ಬಾಗಿಲಲ್ಲಿ ನಿಂತಳು. 'ಯವ್ವಾ, ಯಾವಾಗ ಹೋದ್ರು?' ಎಂದಳು.

'ಈಗರ ಹೋದ್ರು' ಎಂದಳು ಅತೀಯಾ.

ಅಮರಮ್ಮ ಬಿಳಿ ಹಾಸಿನ ಮೇಲೆ ಕೂತು, ಬಾಯಿಗೆ ಸೆರಗು ಹಿಡಿದು ಅತ್ತಳು. ಎಂಥಾ ಹೆಣ್ಣುಮಗಳು, ಹೋಗೂ ಬರೂ ಮುಂದ ಒಂದು ಮಾತು ಕೇಳದ ಬಿಡ್ತಿದ್ದಿಲ್ಲ ಎಂದು ಅತ್ತಳು. ಅವರು ಸತ್ತಿಲ್ಲ, ಮಸ್ಕಿಗೆ ಹೋಗಿದ್ದಾರೆ ಎಂದು ಹೇಳಲು ಬೇಕಾದಷ್ಟು ಹೊತ್ತಿತ್ತು. ಅತೀಯಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತಳು.